ಅಂಗೈಯಗಲದ ಯುದ್ಧವಿಮಾನ

1942ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೊಂದು ಹೊರಬಂದಿತು. ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ 1940ರ ಡಿಸೆಂಬರಿನಲ್ಲಿ ಹುಟ್ಟಿದ ಆ ಕಾರ್ಖಾನೆಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಅದೇ ವಿಮಾನವನ್ನು ನಾವೀಗ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ನೋಡೋಣ.

ಮಾದರಿಯ ಅಳತೆ ನಿಜದ 72ರಲ್ಲಿ ಒಂದು ಪಾಲು. ಸುಮಾರು 11.4 ಮೀಟರಿನ ರೆಕ್ಕೆಹರವು 16 ಸೆಂಟಿಮೀಟರಿಗೆ ಇಳಿಯುತ್ತದೆ. ಬಣ್ಣದ ಲೇಪ ಕಾಲು ಮಿಲಿಮೀಟರು ದಪ್ಪವಾದರೆ, ನಿಜವಿಮಾನಕ್ಕೆ 18 ಮಿಲಿಮೀಟರು ಗಾರೆ ಮೆತ್ತಿದಂತಾಯಿತು!

ಭಾಗಗಳೆಲ್ಲ ಪಾಲಿಸ್ಟೈರೀನಿನವು. ಇದರ ಅಂಟು ಗೋಂದಿನಂತೆ ನಡುವೆ ನಿಂತು ಹಿಡಿಯುವುದಿಲ್ಲ. ಅದರಲ್ಲಿರುವ ದ್ರಾವಕವು ಎರಡು ಅಂಚುಗಳನ್ನೂ ಕರಗಿಸುತ್ತದೆ. ಇಕ್ಕಡೆಯ ಅಣುಸರಪಣಿಗಳು ಹೆಣೆದುಕೊಳ್ಳುತ್ತವೆ. ದ್ರಾವಕವು ಆರಿದ ಮೇಲೆ ಎರಡೂ ಒಂದೇ ತುಂಡಾಗುತ್ತವೆ. ಇದನ್ನು ಬೆಸುಗೆಯೆಂದರೂ ಸಲ್ಲುವುದು. ಅಂಟು ಮಿತಿಮೀರಿದರೆ ರೆಕ್ಕೆಯೇ ಸೊಟ್ಟಗಾದೀತು. ಆವಿಯನ್ನು ಉಸಿರಾಡಬಾರದು, ಕಿಟಕಿ ತೆರೆದಿರಲಿ. ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಈ ಅಂಟು ಬೇಡ, ತಾಗಿದೆಡೆ ಮಬ್ಬಾಗುತ್ತದೆ.

ಬಳಗಾನೂರು, ಮಸ್ಕಿ, ಸಿಂಧನೂರುಗಳ ಬೇಸಿಗೆಯಲ್ಲಿ ಇನ್ನೊಂದು ತೊಡಕುಂಟು. ಸಿಂಪಡಿಸಿದ ಬಣ್ಣದ ಹನಿಯು ಬಿಸಿಗಾಳಿಯಲ್ಲಿ ಹಾರುವಾಗಲೇ ಅರೆ ಒಣಗಿ, ಮಾದರಿಯ ಮೈ ಮರಳುಕಾಗದದಂತೆ ಒರಟಾಗುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಮುಂಜಾನೆಯ ತಂಪಿನಲ್ಲಿಯೇ ಈ ಕೆಲಸ ಮುಗಿಸತಕ್ಕದ್ದು.

ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚೀಟಿಗಳು ಒರಟು ಮೈಮೇಲೆ ಕೂತರೆ, ಅಡಿಯಲ್ಲಿ ಸಿಕ್ಕಿದ ಗಾಳಿ ಬೆಳ್ಳಿಯಂತೆ ಹೊಳೆದು ಗುಟ್ಟು ರಟ್ಟಾಗುತ್ತದೆ. ಮೊದಲು ಹೊಳಪಿನ ವಾರ್ನಿಷು ಬಳಿದು ಮೈಯನ್ನು ನುಣುಪುಗೊಳಿಸಬೇಕು. ವರ್ಷವನ್ನು ತಿಳಿಯದೆ ಗುರುತು ಅಂಟಿಸುವುದೂ ತರವಲ್ಲ. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಗುಂಡಿಕ್ಕಿಯಾರೆಂಬ ಭಯದಿಂದ, 1943ರಲ್ಲಿ ಈ ಭಾಗದ ಬ್ರಿಟಿಷ್ ವಿಮಾನಗಳ ವೃತ್ತಮುದ್ರೆಯಿಂದ ಕೆಂಪು ಬಣ್ಣವನ್ನೇ ತೆಗೆದುಹಾಕಿದರು.