ಹಳೆಯ ಮೋಟಾರಿನ ನಾಡಿ

ರೋಗಿಯು ತಲೆನೋವೆಂದ ಮಾತ್ರಕ್ಕೆ ರೋಗವು ತಲೆಯಲ್ಲಿಯೇ ಇದೆಯೆಂದು ಯಾವ ಒಳ್ಳೆಯ ವೈದ್ಯನೂ ತೀರ್ಮಾನಿಸುವುದಿಲ್ಲ. ಅದು ಅಜೀರ್ಣದಿಂದಲೂ ಬರಬಹುದು, ಕಣ್ಣಿನ ದೋಷದಿಂದಲೂ ಬರಬಹುದು. ಆದರೆ ಹಳೆಯ ಮೋಟಾರು ಕಾರು ಕೆಮ್ಮಿದಾಗ, ಬಸವಳಿದಾಗ, ಬಿಸಿಯೇರಿದಾಗ ನಾವು ಈ ವಿವೇಕವನ್ನು ಮರೆತು ನೇರವಾಗಿ ಕಾರ್ಬುರೇಟರಿನ ತಿರುಪಿಗೆ ಕೈಹಾಕುತ್ತೇವೆ. ಹಾಗೆ ಮಾಡುವುದು ಏಕೆ ತಪ್ಪು, ಮಾಡತಕ್ಕದ್ದೇನು ಎಂಬುದೇ ಈ ದಿನದ ವಿಷಯ.

ಮೊದಲು ನನ್ನ ಸ್ವಂತ ಅವಿವೇಕವನ್ನು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ತಂದೆಯವರು ಬಿಟ್ಟುಹೋದ ಹಳೆಯ ಕಾರೊಂದು ನಮ್ಮ ಮನೆಯಲ್ಲಿದೆ. ಅವರು ಕಾಲವಾದ ಮೇಲೆ ಒಂದು ವರ್ಷ ಅದು ನನ್ನ ಕೈಯಲ್ಲಿ ಸುಖವಾಗಿಯೇ ಓಡಿತು. ಒಂದು ದಿನ ಚಾಮುಂಡಿ ಬೆಟ್ಟವನ್ನು ಹತ್ತುವಾಗ ಶಕ್ತಿ ಉಡುಗಿ, ನೀರು ಕುದಿಯುವಷ್ಟು ಬಿಸಿಯಾಯಿತು. ಪೆಟ್ರೋಲು ಸಾಲದೆ ಮಿಶ್ರಣವು ತೆಳುವಾದರೆ ಎಂಜಿನು ಬಿಸಿಯಾಗುತ್ತದೆಂದು ನಾನು ಓದಿದ್ದೆ. ಆದುದರಿಂದ ಮಿಶ್ರಣವನ್ನು ಗಟ್ಟಿಮಾಡಿದೆ. ಎರಡು ದಿನ ಗುಣ ಕಂಡಂತಾಯಿತು. ಮೂರನೆಯ ದಿನ ಪ್ಲಗ್ಗುಗಳೆಲ್ಲ ಮಸಿ ಹಿಡಿದು ಕಾರು ನಿಂತಿತು. ರಿಪೇರಿ ಅಂಗಡಿಯೊಂದರಲ್ಲಿ ಹೊಸ ಕಾರ್ಬುರೇಟರನ್ನೇ ಹಾಕಿಸಬೇಕೆಂದರು. ಹಾಕಿಸಿದೆ. ಬೆಟ್ಟ ಮಾತ್ರ ಹತ್ತಲಿಲ್ಲ. ಕೊನೆಗೆ ವೃದ್ಧ ಮೇಸ್ತ್ರಿಯೊಬ್ಬರು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟುಗಳ ನಡುವೆ ಉಗುರನ್ನು ತೋರಿಸಿ, "ಇದನ್ನು ಕಡೆಯ ಬಾರಿ ನೋಡಿದ್ದು ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಹೊಗೆ ಹೊರಹೋಗುವ ಕವಾಟವೊಂದು ಸುಟ್ಟುಹೋಗಿತ್ತು.

ತಪ್ಪು ಎಲ್ಲಿ ಆಯಿತೆಂಬುದನ್ನು ತಿಳಿಯಲು ಎಂಜಿನಿನ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒತ್ತಲ್ಪಟ್ಟಾಗ ಪ್ಲಗ್ಗು ಕಿಡಿ ಕೊಡುತ್ತದೆ. ಮಿಶ್ರಣವು ಸಿಡಿಮದ್ದಿನಂತೆ ಒಮ್ಮೆಗೇ ಸ್ಫೋಟಿಸುವುದೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ; ಹುಲ್ಲುಗಾವಲಿಗೆ ಬಿದ್ದ ಬೆಂಕಿಯಂತೆ ಜ್ವಾಲೆಯು ಒಂದು ಕಡೆಯಿಂದ ಹರಡಿಕೊಂಡು ಹೋಗುತ್ತದೆ. ಅದಕ್ಕೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವು ಭಾಗ ಕಾಲ ಬೇಕು. ಅಲ್ಪಕಾಲವೆಂದು ತೋರಬಹುದು. ಆದರೆ ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನು ಒಂದು ಸುತ್ತನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಮುಗಿಸುತ್ತದೆ. ಸಾವಿರದ ಎರಡು ಭಾಗ ಕಳೆಯುವಷ್ಟರಲ್ಲಿ ಅದು 36 ಡಿಗ್ರಿ ತಿರುಗಿರುತ್ತದೆ. ಆದುದರಿಂದ ಪಿಸ್ಟನ್ನು ಮೇಲಣ ತುದಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಕಿಡಿ ಬೀಳಬೇಕು. ವೇಗ ಹೆಚ್ಚಿದಷ್ಟೂ ಇನ್ನೂ ಮುಂಚೆ ಬೀಳಬೇಕು. ಡಿಸ್ಟ್ರಿಬ್ಯೂಟರಿನ ಒಳಗಿರುವ ಎರಡು ಸಣ್ಣ ತೂಕಗಳು ವೇಗದಿಂದ ಹೊರಕ್ಕೆ ಸರಿದು ಈ ಕೆಲಸವನ್ನು ಮಾಡುತ್ತವೆ.

ಕಿಡಿಯು ಬೇಗ ಬಿದ್ದರೆ ಮೇಲೇರುತ್ತಿರುವ ಪಿಸ್ಟನ್ನನ್ನು ಎದುರಿನಿಂದ ಹೊಡೆದಂತಾಗುತ್ತದೆ. ಏರಿನಲ್ಲಿ ತಾಮ್ರದ ಬಿಂದಿಗೆಯೊಳಗೆ ಗೋಲಿ ಅಲ್ಲಾಡಿಸಿದಂತೆ ಟಿಣಿಟಿಣಿ ಶಬ್ದ ಕೇಳುತ್ತದೆ. ತಡವಾಗಿ ಬಿದ್ದರೆ ಉರಿಯು ಪಿಸ್ಟನ್ನನ್ನು ತಳ್ಳುವುದರ ಬದಲು ಹೊಗೆಯ ಕೊಳವೆಯನ್ನು ಕಾಯಿಸುತ್ತದೆ. ಶಕ್ತಿ ಕುಂದುತ್ತದೆ, ನೀರು ಕುದಿಯುತ್ತದೆ, ಕವಾಟ ಸುಡುತ್ತದೆ. ಇತ್ತ ಮಿಶ್ರಣವು ತೆಳುವಾದರೂ ಜ್ವಾಲೆ ನಿಧಾನವಾಗಿ ಹರಡುತ್ತದೆ. ಆಗಲೂ ಶಕ್ತಿ ಕುಂದುತ್ತದೆ, ಎಂಜಿನು ಬಿಸಿಯೇರುತ್ತದೆ. ಎರಡು ಬೇರೆ ರೋಗಗಳು, ಒಂದೇ ಲಕ್ಷಣ! ನನ್ನನ್ನು ಮೋಸಗೊಳಿಸಿದ್ದು ಇದೇ. ಪಾಯಿಂಟನ್ನು ಎತ್ತುವ ಸಣ್ಣ ಹಿಮ್ಮಡಿಯು ಸವೆದು ಅಂತರವು ಕಿರಿದಾಗಿತ್ತು. ಕಿರಿದಾದ ಅಂತರ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಮಿಶ್ರಣವನ್ನು ಗಟ್ಟಿಮಾಡಿ ನಾನು ಒಂದು ರೋಗವನ್ನು ಎರಡು ಮಾಡಿದ್ದೆ.

ಹಾಗಾದರೆ ಇವನ್ನು ಬೇರ್ಪಡಿಸುವುದು ಹೇಗೆ? ಕೆಲವು ಗುರುತುಗಳುಂಟು. ಕಿಡಿ ತಪ್ಪಿದ ಎಂಜಿನು ಗಾಳಿಗೆ ಆರಿದ ದೀಪದಂತೆ ತಟಕ್ಕನೆ ನಿಲ್ಲುತ್ತದೆ. ಪೆಟ್ರೋಲು ಸಿಕ್ಕದ ಎಂಜಿನು ಎಣ್ಣೆ ತೀರಿದ ಹಣತೆಯಂತೆ ಕುಂದಿ ಕುಂದಿ ನಿಲ್ಲುತ್ತದೆ. ಓಡಿಸಿ ನಿಲ್ಲಿಸಿದ ಎಂಜಿನಿನಿಂದ ಪ್ಲಗ್ಗನ್ನು ಬಿಚ್ಚಿ ನೋಡಿದರೆ ತುದಿ ಬಿಸ್ಕತ್ತಿನ ಬಣ್ಣಕ್ಕಿರಬೇಕು. ಒಣ ಮಸಿಯಿದ್ದರೆ ಮಿಶ್ರಣ ಗಟ್ಟಿ, ಬಿಳಿಚಿದ್ದರೆ ತೆಳು. ಚೋಕನ್ನು ತುಸು ಎಳೆದಾಗ ಎಂಜಿನು ಚೇತರಿಸಿಕೊಂಡರೆ ತೆಳುವೆಂಬುದಕ್ಕೆ ಅದೂ ಒಂದು ಸಾಕ್ಷಿ. ಪಾಯಿಂಟುಗಳು ಬೇಗಬೇಗನೆ ಸುಟ್ಟು ಕಿಡಿಯು ಬಲಹೀನವಾಗಿ ಹಳದಿಯಾಗಿದ್ದರೆ ಕಂಡೆನ್ಸರನ್ನು ಸಂಶಯಿಸಬೇಕು.

ಆದರೆ ಒಂದೊಂದು ಗುರುತನ್ನೇ ನಂಬಿ ಓಡಬಾರದು. ಪರೀಕ್ಷೆಗೆ ಒಂದು ಕ್ರಮ ಬೇಕು. 1957ರಿಂದ 2014ರವರೆಗೆ ತಯಾರಾಗಿ ನಮ್ಮ ಬೀದಿಗಳನ್ನು ತುಂಬಿದ್ದ ಅಂಬಾಸಡರ್ ಕಾರನ್ನು, ಅದರ 1,489 ಘನ ಸೆಂಟಿಮೀಟರಿನ ಎಂಜಿನನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಕವಾಟಗಳ ಸಡಿಲ, ಸಿಲಿಂಡರುಗಳ ಒತ್ತಡ. ಇವು ಕೆಟ್ಟಿದ್ದರೆ ಮುಂದಿನದೆಲ್ಲ ವ್ಯರ್ಥ. ಎರಡನೆಯದು ಪ್ಲಗ್ಗು ಮತ್ತು ಪಾಯಿಂಟು: ಪ್ಲಗ್ಗಿನ ಅಂತರ ಅಂಗುಲದ ಸಾವಿರದ 25 ಭಾಗ, ಪಾಯಿಂಟಿನದು ಸುಮಾರು 15 ಭಾಗ. ತಂತಿಗಳು 1, 3, 4, 2 ಎಂಬ ಸರದಿಯಲ್ಲಿಯೇ ಇವೆಯೇ ಎಂದು ನೋಡಬೇಕು. ಮೂರನೆಯದು ಕಿಡಿಯ ಕಾಲ. ಮೊದಲನೆಯ ಸಿಲಿಂಡರು ಒತ್ತುತ್ತಿರುವಾಗ ಎಂಜಿನನ್ನು ಕೈಯಿಂದ ತಿರುಗಿಸಿ ಗುರುತಿಗೆ ತಂದು ನಿಲ್ಲಿಸಿ, ಡಿಸ್ಟ್ರಿಬ್ಯೂಟರಿಗೆ ಹೋಗುವ ಕಾಯಿಲಿನ ಸಣ್ಣ ತಂತಿಗೂ ಎಂಜಿನಿನ ಕಬ್ಬಿಣಕ್ಕೂ ನಡುವೆ 12 ವೋಲ್ಟಿನ ಬಲ್ಬನ್ನು ಜೋಡಿಸಿ ಕೀಲಿಯನ್ನು ತಿರುಗಿಸಿರಿ. ಡಿಸ್ಟ್ರಿಬ್ಯೂಟರಿನ ಒಡಲನ್ನು ಮೆಲ್ಲಗೆ ಸರಿಸುವಾಗ ಬಲ್ಬು ಹತ್ತಿಕೊಳ್ಳುವ ಕ್ಷಣವೇ ಪಾಯಿಂಟು ತೆರೆದ ಕ್ಷಣ, ಅಂದರೆ ಕಿಡಿಯ ಕ್ಷಣ. ಪಾಯಿಂಟಿನ ಅಂತರವನ್ನು ಬದಲಿಸಿದರೆ ಈ ಕಾಲವೂ ಬದಲಾಗುವುದರಿಂದ, ಅಂತರ ಮೊದಲು, ಕಾಲ ಅನಂತರ. ಈ ಸರದಿ ತಲೆಕೆಳಗಾಗಬಾರದು.

ಇಷ್ಟಾದ ಮೇಲೆಯೇ ಪೆಟ್ರೋಲಿನ ದಾರಿ. ಜಾಲರಿ, ಪಂಪು, ತೇಲುಗುಂಡು, ಇವನ್ನು ನೋಡಿ, ಕಾರ್ಬುರೇಟರಿನ ಬುಡದಲ್ಲಿ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಕಟ್ಟಕಡೆಗೆ, ಎಂಜಿನು ಚೆನ್ನಾಗಿ ಕಾದಿರುವಾಗ, ಮಿಶ್ರಣದ ತಿರುಪು. ಎಸ್.ಯು. ಮಾದರಿಯ ಕಾರ್ಬುರೇಟರಿನಲ್ಲಿ ಒಳಗಿನ ಕೊಂತವನ್ನು ಕೂದಲೆಳೆಯಷ್ಟು ಎತ್ತಿದಾಗ ವೇಗ ಹೆಚ್ಚಿ ಹೆಚ್ಚಾಗಿಯೇ ಉಳಿದರೆ ಮಿಶ್ರಣ ಗಟ್ಟಿ, ಕುಸಿದರೆ ತೆಳು, ಕ್ಷಣಕಾಲ ಏರಿ ಮೊದಲಿನಂತಾದರೆ ಸರಿ. ಎಲ್ಲಕ್ಕೂ ಮೇಲಾದ ನಿಯಮವೊಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ರೋಗ ಹೋದರೂ ಕಾರಣ ತಿಳಿಯುವುದಿಲ್ಲ.

ಇಂದಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಶೇಕಡ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಎಥನಾಲಿಗೆ 9 ತೂಕ ಸಾಕು. ಆದುದರಿಂದ ಹಿಂದಿನ ಪೆಟ್ರೋಲಿಗೆ ಸರಿಯಾಗಿದ್ದ ಕಾರ್ಬುರೇಟರು ಈ ಮಿಶ್ರ ಇಂಧನಕ್ಕೆ ಶೇಕಡ ಏಳೆಂಟು ಭಾಗ ತೆಳುವಾಗುತ್ತದೆ. ಹೊಸ ಕಾರುಗಳ ಯಂತ್ರಬುದ್ಧಿ ಇದನ್ನು ತಾನೇ ತಿದ್ದಿಕೊಳ್ಳುತ್ತದೆ; ಹಳೆಯದಕ್ಕೆ ನಾವೇ ತಿದ್ದಬೇಕು. ಎಥನಾಲಿಗೆ ತಾಳದ ಹಳೆಯ ರಬ್ಬರು ಕೊಳವೆಗಳನ್ನು ಬದಲಾಯಿಸುವುದೂ ಅವಶ್ಯ. ಬಿಸಿ ಎಂಜಿನಿನ ಮೇಲೆ ಸೋರುವ ಪೆಟ್ರೋಲು ಕಾರನ್ನಷ್ಟೇ ಅಲ್ಲ, ಮನೆಯನ್ನೂ ಸುಟ್ಟೀತು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸಿ ಪರೀಕ್ಷಿಸಲೇಬಾರದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ.

ಕವಾಟವನ್ನು ಬದಲಿಸಿದ ಮೇಲೆ ಕಾರಿನ ಪೆಟ್ಟಿಗೆಯನ್ನು ಶೋಧಿಸುವಾಗ ನಮ್ಮ ತಂದೆಯವರ ಸಣ್ಣ ಪುಸ್ತಕವೊಂದು ಸಿಕ್ಕಿತು. ತಾರೀಖು, ಓಡಿದ ಮೈಲಿ, ಪಾಯಿಂಟಿನ ಅಂತರ, ಪ್ಲಗ್ಗಿನ ಬಣ್ಣ, ಪ್ರತಿ ಮೂರು ತಿಂಗಳಿಗೊಂದು ಸಾಲು. ಅವರು ಯಂತ್ರಶಾಸ್ತ್ರವನ್ನು ಓದಿದವರಲ್ಲ. ನಾನು ಓದಿಯೂ ಕಾಣದಿದ್ದುದನ್ನು ಅವರು ನೋಡಿ ಬರೆದಿಟ್ಟಿದ್ದರು. ಅವರ ಕಡೆಯ ಸಾಲಿನ ಕೆಳಗೆ ಈಗ ನಾನು ಬರೆಯುತ್ತಿದ್ದೇನೆ. ಹಳೆಯ ಕಾರನ್ನಿಟ್ಟುಕೊಂಡ ಶ್ರೋತೃಗಳು ಹೊಸ ಕಾರ್ಬುರೇಟರಿಗೆ ಹಣ ತೆರುವ ಮೊದಲು ಅಂಥದೊಂದು ಪುಸ್ತಕವನ್ನು ಕೊಳ್ಳಬೇಕೆಂದು ನನ್ನ ಬಿನ್ನಹ.