ಹಾಲ್ಬರ್ಡ್‌ನ ತುಕ್ಕು ಏನು ಹೇಳುತ್ತದೆ?

ಕೊಡಲಿಯ ಅಲಗು, ಭರ್ಜಿಯ ಮೊನೆ, ಹಿಂಬದಿಗೆ ಒಂದು ಕೊಕ್ಕೆ – ಈ ಮೂರನ್ನೂ ಉದ್ದನೆಯ ಒಂದೇ ಕಾವಿಗೆ ಸೇರಿಸಿದರೆ ಯೂರೋಪಿನ ‘ಹಾಲ್ಬರ್ಡ್’ ಆಗುತ್ತದೆ. ಕುದುರೆಯ ಮೇಲಿನ ಕವಚಧಾರಿಯನ್ನು ನೆಲದ ಮೇಲೆ ನಿಂತ ಕಾಲಾಳು ಎದುರಿಸಲು ನೆರವಾದ ಆಯುಧವಿದು. 1315ರ ಮೊರ್ಗಾರ್ಟನ್, 1386ರ ಸೆಂಪಾಕ್ ಕದನಗಳಲ್ಲಿ ಸ್ವಿಸ್ ಕಾಲಾಳುಗಳು ಇದನ್ನು ಬಳಸಿದರು. ಬಂದೂಕಿನ ಕಾಲದಲ್ಲಿ ಇದು ಕ್ರಮೇಣ ಕಾವಲುಗಾರರ ಕೈಯ ಅಲಂಕಾರವಾಯಿತು. ವ್ಯಾಟಿಕನ್ನಿನ ಸ್ವಿಸ್ ಕಾವಲು ದಳದವರು ಇಂದಿಗೂ ಅದನ್ನು ಹಿಡಿಯುತ್ತಾರೆ.

ನಾಲ್ಕೈದು ಶತಮಾನ ಹಳೆಯದಾದ ಇಂಥ ಆಯುಧವೊಂದು ನಿಮ್ಮ ಕೈಗೆ ಬಂದಿತೆಂದುಕೊಳ್ಳಿ. ಅಲಗು ಕಪ್ಪು-ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಲ್ಲಿ ಕಿತ್ತಳೆ ಬಣ್ಣದ ಪುಡಿ ಇದೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಬೆಳಗಿ ಅಭ್ಯಾಸವಿರುವ ನಮಗೆ ಉಪ್ಪುಕಾಗದ ಹಿಡಿದು ಉಜ್ಜಿಬಿಡೋಣ ಎನ್ನಿಸುವುದು ಸಹಜ. ಅದೊಂದನ್ನು ಮಾತ್ರ ಮಾಡಬೇಡಿ. ಕಮ್ಮಾರ ಒತ್ತಿದ ಮುದ್ರೆ, ಸುತ್ತಿಗೆಯ ಗುರುತು, ಆಮ್ಲದಿಂದ ಕೊರೆದ ತೆಳುಚಿತ್ತಾರ ಇವೆಲ್ಲ ಇರುವುದು ಮೇಲ್ಮೈಯಲ್ಲೇ. ತುಕ್ಕಿನೊಡನೆ ಅವೂ ಹೋಗುತ್ತವೆ, ಮರಳಿ ಬರುವುದಿಲ್ಲ.

ತುಕ್ಕೆಲ್ಲ ಒಂದೇ ಅಲ್ಲ. ಗಟ್ಟಿಯಾಗಿ ಅಂಟಿಕೊಂಡ, ನಯವಾದ ಕಪ್ಪು-ಕಂದು ಪದರ ಸಾಮಾನ್ಯವಾಗಿ ಸ್ಥಿರವಾದುದು. ಅದರಲ್ಲಿ ಮ್ಯಾಗ್ನೆಟೈಟ್, ಗೋಥೈಟ್‌ನಂಥ ಸಂಯುಕ್ತಗಳಿರುತ್ತವೆ. ಮುಟ್ಟಿದರೆ ಉದುರುವ ಕಿತ್ತಳೆ ಪುಡಿ, ಏಳುತ್ತಿರುವ ಹಕ್ಕಳೆ, ಮಳೆಗಾಲದಲ್ಲಿ ಮೇಲ್ಮೈಯಲ್ಲಿ ಮೂಡುವ ಹಳದಿ-ಕಂದು ಹನಿಗಳು ಕಂಡರೆ ತುಕ್ಕು ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಈ ಹನಿಗಳನ್ನು ಸಂರಕ್ಷಣಕಾರರು ‘ಕಬ್ಬಿಣದ ಕಣ್ಣೀರು’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ.

ಅಳಿಸುವುದು ಉಪ್ಪು, ಅಂದರೆ ಕ್ಲೋರೈಡ್ ಅಯಾನು. ಮಣ್ಣಿನಲ್ಲಿ ಹೂತಿದ್ದ ಆಯುಧದೊಳಕ್ಕೆ ಅಂತರ್ಜಲದಿಂದ ಕ್ಲೋರೈಡ್ ಸೇರುತ್ತದೆ. ಕಬ್ಬಿಣ ಕರಗಿ ಧನ ಅಯಾನುಗಳಾದಂತೆ, ಆ ಆವೇಶವನ್ನು ಸರಿದೂಗಿಸಲು ಕ್ಲೋರೈಡ್ ಅಯಾನುಗಳು ತುಕ್ಕಿನ ಅಡಿಯಲ್ಲಿ, ಲೋಹದ ಪಕ್ಕದಲ್ಲೇ ಜಮಾಯಿಸುತ್ತವೆ. ಆಯುಧವನ್ನು ಅಗೆದು ಹೊರತೆಗೆದಾಗ ಗಾಳಿಯ ಆಕ್ಸಿಜನ್ ಒಳನುಗ್ಗಿ, ‘ಅಕಗನೈಟ್’ ಎಂಬ ಕ್ಲೋರೈಡ್ ಹೊತ್ತ ತುಕ್ಕು ಬೆಳೆಯುತ್ತದೆ. ಶುದ್ಧ ಕಬ್ಬಿಣಕ್ಕೆ ಸಾಪೇಕ್ಷ ಆರ್ದ್ರತೆ ಶೇ. 60 ದಾಟುವವರೆಗೆ ಅಷ್ಟೇನೂ ಭಯವಿಲ್ಲ. ಕ್ಲೋರೈಡ್ ಸೇರಿದ ಕಬ್ಬಿಣ ಶೇ. 20ರ ಆಸುಪಾಸಿನಲ್ಲೂ ನಿಧಾನವಾಗಿ ಸವೆಯುತ್ತದೆ. ಶತಮಾನಗಳ ಕಾಲ ಮಣ್ಣಿನಲ್ಲಿ ಉಳಿದದ್ದು ಹೊರಬಂದ ಕೆಲವೇ ವರ್ಷಗಳಲ್ಲಿ ಚೂರಾಗುವುದು ಹೀಗೆ.

ಮಣ್ಣನ್ನೇ ಕಾಣದ ಹಾಲ್ಬರ್ಡ್‌ಗಳ ಕಥೆ ಬೇರೆ. ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ 1640ರ ದಶಕದಲ್ಲಿ ಕಟ್ಟಿದ ಶಸ್ತ್ರಾಗಾರದಲ್ಲಿ ಸುಮಾರು 32,000 ವಸ್ತುಗಳಿವೆ, ಹಾಲ್ಬರ್ಡ್‌ಗಳೂ ಸೇರಿ. 1749ರಲ್ಲಿ ರಾಣಿ ಮರಿಯಾ ತೆರೇಸಾ ಅದನ್ನು ಮುಚ್ಚಿಸಲು ಹೊರಟಾಗ, ಪ್ರಾಂತದ ಪ್ರತಿನಿಧಿಗಳು ಸ್ಮಾರಕವಾಗಿಯಾದರೂ ಉಳಿಯಲಿ ಎಂದು ಕೇಳಿಕೊಂಡು ಉಳಿಸಿದರು. ಇಂಥಲ್ಲಿ ಉಪ್ಪು ಬರುವ ಒಂದು ಮುಖ್ಯ ದಾರಿ – ನಮ್ಮ ಬೆವರು. ಬರಿಗೈಯಲ್ಲಿ ಹಿಡಿದರೆ ಬೆರಳಚ್ಚು ತುಕ್ಕಾಗಿ ಮೂಡುತ್ತದೆ. ಸಂಗ್ರಹಾಲಯದವರು ಕೈಗವಸು ಹಾಕುವುದು ಇದಕ್ಕೇ.

ಇನ್ನು ಕಾವನ್ನು ನೋಡಿ. ಹೆಚ್ಚಾಗಿ ಅದು ಆಷ್ ಮರದ್ದು. ಅಲಗಿನ ಬುಡದಿಂದ ಇಳಿಯುವ ಕಬ್ಬಿಣದ ಪಟ್ಟಿಗಳನ್ನು ಕಾವಿಗೆ ಮೊಳೆ ಹೊಡೆದು ಕೂರಿಸಿರುತ್ತಾರೆ. ಪಟ್ಟಿಯಡಿ ತುಕ್ಕು ಬೆಳೆದರೆ ಏನಾಗುತ್ತದೆ? ಲೆಕ್ಕ ಹಾಕಿ. 56 ಗ್ರಾಂ ಕಬ್ಬಿಣದ ಗಾತ್ರ ಸುಮಾರು 7 ಘನ ಸೆಂಮೀ. ಅದು ಪೂರ್ತಿ ಗೋಥೈಟ್ ಆದರೆ 89 ಗ್ರಾಂ ತೂಗುತ್ತದೆ, ಗಾತ್ರ ಸುಮಾರು 21 ಘನ ಸೆಂಮೀ. ಮೂರು ಪಟ್ಟು! ಪಟ್ಟಿ ಮೇಲೇಳುತ್ತದೆ, ಮೊಳೆ ಸಡಿಲವಾಗುತ್ತದೆ, ಮರ ಸೀಳುತ್ತದೆ.

ಕಾವು ಮೂಲದ್ದೇ ಎಂಬ ಪ್ರಶ್ನೆಯೂ ಇದೆ. ಮುರಿದ ಅಥವಾ ಹುಳು ತಿಂದ ಕಾವನ್ನು ಬದಲಿಸುವುದು ಸಾಮಾನ್ಯವಾಗಿತ್ತು. ಪಟ್ಟಿಯ ತೂತಿಗೂ ಮರದ ತೂತಿಗೂ ಹೊಂದಿಕೆಯಿದೆಯೇ? ಪಟ್ಟಿಯ ಅಂಚಿನಲ್ಲಿ ಮರಕ್ಕೆ ಕಬ್ಬಿಣದ ಕಪ್ಪು ಕಲೆ ಇಳಿದಿದೆಯೇ? ಸುತ್ತಲೂ ಕಲೆ ಇಲ್ಲದೆ, ಮೊಳೆಯ ಬದಲು ಯಂತ್ರದ ತಿರುಪು ಇದ್ದರೆ ಸಂದೇಹಪಡಿ. 19ನೇ ಶತಮಾನದಲ್ಲಿ ಮನೆಗಳ ಅಲಂಕಾರಕ್ಕೆಂದೇ ನಕಲುಗಳನ್ನು ಮಾಡುತ್ತಿದ್ದರು. ಆಮ್ಲದಿಂದ ಗುಳಿ ಬೀಳಿಸಿ ಹಳತಾಗಿ ತೋರಿಸುವವರೂ ಉಂಟು. ಹಳೆಯ ಕುಲುಮೆಯ ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಉಳಿದಿರುವುದರಿಂದ ಅದು ಮರದ ನಾರಿನಂತೆ ಗೆರೆಗೆರೆಯಾಗಿ ಸವೆಯುತ್ತದೆ. ಆದರೆ ಇದೊಂದೇ ಸಾಕ್ಷಿ ಸಾಲದು, ಏಕೆಂದರೆ 19ನೇ ಶತಮಾನದಲ್ಲೂ ಕಿಟ್ಟದ ಎಳೆಗಳಿರುವ ಕಬ್ಬಿಣ ತಯಾರಾಗುತ್ತಿತ್ತು.

ಸಂರಕ್ಷಣಕಾರನಿಗೆ ನಿಜವಾದ ತಲೆನೋವು ಎಂದರೆ, ಕಬ್ಬಿಣಕ್ಕೆ ಬೇಕಾದ್ದು ಮರಕ್ಕೆ ಬೇಡ. ಬರಿಯ ಅಲಗಾದರೆ ಕ್ಷಾರ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ ಕ್ಲೋರೈಡ್ ತೆಗೆಯಬಹುದು, ಸಿಲಿಕಾ ಜೆಲ್ ಇಟ್ಟ ಪೆಟ್ಟಿಗೆಯಲ್ಲಿ ಒಣಗಿಸಿಡಬಹುದು. ಕಾವಿಗೆ ಕೂಡಿದ್ದರೆ ನೆನೆಸುವಂತಿಲ್ಲ. ತೀರಾ ಒಣಗಿಸಿದರೆ ಮರ ಕುಗ್ಗಿ ಬಿರುಕು ಬಿಟ್ಟು, ತಲೆ ಸಡಿಲವಾಗುತ್ತದೆ. ಆದ್ದರಿಂದ ಉಪ್ಪಿಲ್ಲದ ಆಯುಧವನ್ನು ಶೇ. 45–50ರ ಸುಮಾರಿನ, ಏರಿಳಿತವಿಲ್ಲದ ಆರ್ದ್ರತೆಯಲ್ಲಿ ಇಟ್ಟು, ಲೋಹಕ್ಕೆ ತೆಳುವಾಗಿ ಮೇಣ ಸವರುತ್ತಾರೆ. ಕೆಲವೊಮ್ಮೆ ಮೇಣಕ್ಕೆ ಮೊದಲು ಟ್ಯಾನಿಕ್ ಆಮ್ಲ ಹಚ್ಚುವುದುಂಟು. ಅದು ತುಕ್ಕಿನೊಡನೆ ಕೂಡಿ ಕಪ್ಪು ಫೆರಿಕ್ ಟ್ಯಾನೇಟ್ ಆಗುತ್ತದೆ. ಅಳಲೆಕಾಯಿಯಿಂದ ಮಸಿ ಮಾಡುವುದರ ಹಿಂದಿರುವುದೂ ಇದೇ ಕ್ರಿಯೆ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ತುಕ್ಕು ಹಿಡಿದ ಮೊಳೆಯನ್ನು ಹಾಲು-ಸಕ್ಕರೆ ಬೆರೆಸದ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಜೊತೆಗೆ ಎರಡು ಹೊಸ ಮೊಳೆ ತೆಗೆದುಕೊಂಡು, ಒಂದನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಎರಡನ್ನೂ ಮಳೆಗಾಲದಲ್ಲಿ ಕಿಟಕಿಯ ಒಳಬದಿಯಲ್ಲಿಡಿ. ವಾರದ ನಂತರ ಹೋಲಿಸಿ.