ಯುದ್ಧವೂ ಬೇಡ, ಸೋಲೂ ಬೇಡ

1968ರ ಮಾರ್ಚ್ 12ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆ ನಡೆಯಿತು. ಅಧಿಕಾರದಲ್ಲಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್‌ನ ಹೆಸರು ಮತಪತ್ರದಲ್ಲಿ ಇರಲೇ ಇಲ್ಲ. ಅವನ ಬೆಂಬಲಿಗರು ಹೆಸರನ್ನು ಕೈಯಾರೆ ಬರೆದು ಮತ ಹಾಕಬೇಕಿತ್ತು. ಎದುರಿಗಿದ್ದವನು ಮಿನೆಸೊಟಾದ ಸೆನೆಟರ್ ಯೂಜಿನ್ ಮೆಕಾರ್ತಿ. ವಿಯೆಟ್ನಾಂ ಯುದ್ಧ ನಿಲ್ಲಬೇಕು ಎಂಬುದೊಂದೇ ಅವನ ಮಾತು. ಅವನಿಗಾಗಿ ಊರೂರು ಸುತ್ತಿದ ಕಾಲೇಜು ಹುಡುಗರು, ಮನೆಯವರು ಬಾಗಿಲು ತೆರೆಯಲಿ ಎಂದು ಗಡ್ಡ ಬೋಳಿಸಿ, ಕೂದಲು ಕತ್ತರಿಸಿಕೊಂಡು ಹೋದರು. ಜಾನ್ಸನ್‌ಗೆ ಸುಮಾರು ಶೇ 49, ಮೆಕಾರ್ತಿಗೆ ಶೇ 42 ಮತ ಬಿದ್ದವು. ಗೆದ್ದದ್ದು ಅಧ್ಯಕ್ಷನೇ ಆದರೂ ದೇಶಕ್ಕೆ ಕಂಡದ್ದು ಅವನ ಸೋಲು. ಜನ ಶಾಂತಿಯ ಪರ ತೀರ್ಪು ಕೊಟ್ಟರು ಎಂದು ಪತ್ರಿಕೆಗಳು ಬರೆದವು.

ಮರುವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಮತದಾರರ ಉತ್ತರಗಳನ್ನು ಕೆದಕಿ ನೋಡಿದಾಗ ಬೇರೆಯೇ ಚಿತ್ರ ಸಿಕ್ಕಿತು. ಯುದ್ಧದ ವಿಷಯದಲ್ಲಿ ಜಾನ್ಸನ್ ಮೇಲೆ ಸಿಟ್ಟಾಗಿ ಮೆಕಾರ್ತಿಗೆ ಮತ ಹಾಕಿದವರ ಪೈಕಿ ಹೆಚ್ಚಿನವರು ಯುದ್ಧ ವಿರೋಧಿಗಳಾಗಿರಲಿಲ್ಲ. ಜಾನ್ಸನ್ ಸಾಕಷ್ಟು ಬಲವಾಗಿ ಹೊಡೆಯುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಇಂಥವರಿಗೂ ಸೇನೆ ವಾಪಸ್ ಬರಲಿ ಎನ್ನುವವರಿಗೂ ಸರಿಸುಮಾರು ಮೂರಕ್ಕೆ ಎರಡರ ಪ್ರಮಾಣ. ಶಾಂತಿಯ ಅಭ್ಯರ್ಥಿಗೆ ಮತ ಹಾಕಿದವರಲ್ಲಿ ಕೆಲವರು 1968ರ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಮೂರನೆಯ ಪಕ್ಷದ ಜಾರ್ಜ್ ವಾಲೇಸ್‌ಗೆ ಮತ ಹಾಕಿದರು. ಅವನ ಜೊತೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವನು ಬಾಂಬ್ ಹಾಕುವುದರಲ್ಲೇ ನಂಬಿಕೆಯಿಟ್ಟ ವಾಯುಪಡೆಯ ಜನರಲ್ ಕರ್ಟಿಸ್ ಲಿಮೇ.

ಜನಕ್ಕೆ ಬೇಡವಾದ ಯುದ್ಧವನ್ನು ನಾಯಕ ನಿಲ್ಲಿಸಬೇಕೇ ಎಂದು ಕೇಳಿದರೆ ಉತ್ತರ ಸರಳ ಅನ್ನಿಸುತ್ತದೆ. ಪ್ರಜಾಪ್ರಭುತ್ವವಲ್ಲವೇ, ಜನ ಬೇಡವೆಂದರೆ ಮುಗಿಯಿತು. ಆದರೆ ಜನ ‘ಬೇಡ’ ಅನ್ನುವುದು ಯಾವುದನ್ನು? ಅಲ್ಲಿ ತೊಡಕು ಶುರುವಾಗುತ್ತದೆ.

ವಿಯೆಟ್ನಾಂ ಕಾಲದಲ್ಲಿ ಗ್ಯಾಲಪ್ ಸಮೀಕ್ಷಾ ಸಂಸ್ಥೆ ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳುತ್ತ ಬಂತು: ವಿಯೆಟ್ನಾಮಿಗೆ ಸೇನೆ ಕಳಿಸಿದ್ದು ತಪ್ಪೇ? 1965ರ ಆಗಸ್ಟಿನಲ್ಲಿ ತಪ್ಪು ಎಂದವರು ಶೇ 24 ಮಾತ್ರ. 1967ರ ಅಕ್ಟೋಬರಿಗೆ ಶೇ 47. ತಪ್ಪು ಎನ್ನುವವರ ಸಂಖ್ಯೆ ತಪ್ಪಲ್ಲ ಎನ್ನುವವರನ್ನು ಮೀರಿದ್ದು ಆಗ. 1968ರ ಆಗಸ್ಟಿನಲ್ಲಿ ಶೇ 53, 1971ರ ಮೇ ಹೊತ್ತಿಗೆ ಶೇ 60 ದಾಟಿತ್ತು. ಈ ಏರುಗೆರೆಯನ್ನಷ್ಟೇ ನೋಡಿದವರಿಗೆ ಜನಮತ ನಿಚ್ಚಳವಾಗಿ ಕಾಣುತ್ತದೆ. ಹೋದದ್ದು ತಪ್ಪು ಅನ್ನುವವನೇ ಈಗ ಬಿಟ್ಟುಬರುವುದು ಇನ್ನೂ ದೊಡ್ಡ ತಪ್ಪು ಅನ್ನಬಹುದು ಎಂಬುದು ಅದರಲ್ಲಿ ಕಾಣುವುದಿಲ್ಲ. 1968ರ ಜನವರಿ ಕೊನೆಯಲ್ಲಿ ಟೆಟ್ ಹಬ್ಬದ ಹೊತ್ತಿಗೆ ಕಮ್ಯುನಿಸ್ಟ್ ಪಡೆಗಳು ದಕ್ಷಿಣ ವಿಯೆಟ್ನಾಮಿನ ಊರೂರಿಗೆ ನುಗ್ಗಿ, ಸೈಗಾನಿನ ಅಮೆರಿಕನ್ ದೂತಾವಾಸದ ಆವರಣದೊಳಗೂ ಕಾಲಿಟ್ಟವು. ಆ ದಾಳಿ ಅಮೆರಿಕನ್ನರ ಕಣ್ಣು ತೆರೆಸಿತು, ಯುದ್ಧ ಸಾಕೆನಿಸಿತು ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. ದಾಳಿಯ ಬೆನ್ನಿಗೇ ಗ್ಯಾಲಪ್ ಕೇಳಿದಾಗ ತಾವು ಯುದ್ಧದ ಪರ ಎಂದವರು ಶೇ 61, ವಿರೋಧಿಗಳು ಶೇ 23! ಏಟು ತಿಂದವರ ಮೊದಲ ಮಾತು ತಿರುಗಿ ಹೊಡೆಯಿರಿ ಎಂಬುದಾಗಿತ್ತು. ಏಪ್ರಿಲ್ ಹೊತ್ತಿಗೆ ಎರಡೂ ಕಡೆ ಶೇ 41ರಂತೆ ಸಮವಾದವು.

ಯಾರು ವಿರೋಧಿಸುತ್ತಿದ್ದರು ಎಂಬುದೂ ನಮ್ಮ ತಲೆಯಲ್ಲಿರುವ ಚಿತ್ರಕ್ಕೆ ಹೊಂದುವುದಿಲ್ಲ. ಸಿನಿಮಾಗಳಲ್ಲಿ ಉದ್ದ ಕೂದಲ ವಿದ್ಯಾರ್ಥಿಗಳು ಬೀದಿಗಿಳಿದಿರುತ್ತಾರೆ, ಅವರ ಅಪ್ಪಂದಿರು ಧ್ವಜ ಹಿಡಿದು ನಿಂತಿರುತ್ತಾರೆ. ಸಮೀಕ್ಷೆಗಳನ್ನೆಲ್ಲ ಒಟ್ಟುಹಾಕಿ ಅಧ್ಯಯನ ಮಾಡಿದ ಜಾನ್ ಮುಲ್ಲರ್ ತೋರಿಸಿದಂತೆ, ಮೂವತ್ತರೊಳಗಿನವರಿಗಿಂತ ಐವತ್ತರ ಆಸುಪಾಸಿನವರು ಮತ್ತು ಅವರಿಗಿಂತ ಹಿರಿಯರೇ ಯುದ್ಧವನ್ನು ಹೆಚ್ಚು ವಿರೋಧಿಸುತ್ತಿದ್ದರು. ಬೀದಿಯ ಪ್ರತಿಭಟನೆಗೂ ಮನೆಯೊಳಗಿನ ಅಸಮಾಧಾನಕ್ಕೂ ನಂಟಿರಲಿಲ್ಲ. ಕೆಲವೊಮ್ಮೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಲೂ ಇರಲಿಲ್ಲ. 1970ರ ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆಯವರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ತಪ್ಪು ಯಾರದೆಂದು ‘ನ್ಯೂಸ್‌ವೀಕ್’ ಕೇಳಿಸಿದಾಗ ಶೇ 58 ಮಂದಿ ವಿದ್ಯಾರ್ಥಿಗಳನ್ನೇ ದೂರಿದರು. ಗುಂಡು ಹಾರಿಸಿದವರನ್ನು ದೂರಿದವರು ಶೇ 11. ಆ ಹೊತ್ತಿಗಾಗಲೇ ಯುದ್ಧ ತಪ್ಪೆನ್ನುವವರು ಬಹುಮತದಲ್ಲಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಓದಬೇಕು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಮನಸ್ಥಿತಿಯ ಮುಂದೆ ನಾಯಕನಾದವನು ಏನು ಮಾಡಬೇಕು?

ಜಾನ್ಸನ್ ಬಹಳ ತಡವಾಗಿ ಒಂದು ಕೆಲಸ ಮಾಡಿದ. 1968ರ ಮಾರ್ಚ್ 31ರ ರಾತ್ರಿ ಟಿ.ವಿ.ಯಲ್ಲಿ ಕಾಣಿಸಿಕೊಂಡು, ಉತ್ತರ ವಿಯೆಟ್ನಾಮಿನ ಬಹುಭಾಗದ ಮೇಲೆ ಬಾಂಬ್ ದಾಳಿ ನಿಲ್ಲಿಸುತ್ತಿದ್ದೇನೆ, ಮತ್ತೆ ಚುನಾವಣೆಗೆ ನಿಲ್ಲುವುದೂ ಇಲ್ಲ ಎಂದ. ಭಾಷಣಕ್ಕೆ ಮೊದಲು ಶೇ 36ಕ್ಕೆ ಇಳಿದಿದ್ದ ಅವನ ಜನಪ್ರಿಯತೆ ಒಂದೇ ಏಟಿಗೆ ಶೇ 49ಕ್ಕೆ ಹಾರಿತು. ಹೋಗುತ್ತೇನೆ ಎಂದ ಮೇಲೆ ಜನ ಮೆಚ್ಚಿದರು. ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಮಾತುಕತೆಯೂ ಶುರುವಾಯಿತು, ಆದರೆ ಯುದ್ಧ ಮುಗಿಯಲಿಲ್ಲ.

ಜನಮತದ ಈ ಬಿರುಕನ್ನು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡವನು ಜಾನ್ಸನ್ ನಂತರ ಅಧ್ಯಕ್ಷನಾದ ರಿಚರ್ಡ್ ನಿಕ್ಸನ್. 1969ರ ಅಕ್ಟೋಬರ್ 15ರಂದು ದೇಶದಾದ್ಯಂತ ಲಕ್ಷಾಂತರ ಜನ ಕೆಲಸ ಬಿಟ್ಟು ಯುದ್ಧದ ವಿರುದ್ಧ ಸೇರಿದರು. ಮೂರು ವಾರ ಕಳೆಯುವುದರೊಳಗೆ, ನವೆಂಬರ್ 3ರಂದು, ನಿಕ್ಸನ್ ಟಿ.ವಿ.ಯಲ್ಲಿ ‘ಮೌನ ಬಹುಸಂಖ್ಯಾತ’ರನ್ನು ಉದ್ದೇಶಿಸಿ ಮಾತಾಡಿದ. ತಾನೂ ಯುದ್ಧ ಮುಗಿಸಲೆಂದೇ ಬಂದವನು, ಆದರೆ ಗೌರವದಿಂದ ಮುಗಿಸುತ್ತೇನೆ ಎಂಬುದು ಅದರ ತಿರುಳು. ಅವನ ಜನಪ್ರಿಯತೆಯೂ ಜಿಗಿಯಿತು. ಮುಂದಿನ ಮೂರು ವರ್ಷ ಅವನು ಮಾಡಿದ್ದು ಜನರಿಗೆ ತಾಕುವ ನೋವನ್ನು ಒಂದೊಂದಾಗಿ ತೆಗೆಯುವ ಕೆಲಸ. ಐದು ಲಕ್ಷ ದಾಟಿದ್ದ ಸೇನೆಯನ್ನು ಕಂತುಕಂತಾಗಿ ಕರೆಸಿಕೊಂಡ. ಯಾರನ್ನು ಸೇನೆಗೆ ಎಳೆದೊಯ್ಯುತ್ತಾರೋ ಎಂಬ ಭಯ ಪ್ರತಿ ಮನೆಯಲ್ಲೂ ಇತ್ತಲ್ಲ, ಅದಕ್ಕೆ ಲಾಟರಿ ಬಂತು. 1969ರ ಡಿಸೆಂಬರ್ 1ರಂದು ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲುಗಳಲ್ಲಿ ಹುಟ್ಟಿದ ದಿನಾಂಕಗಳನ್ನು ತುಂಬಿ, ಗಾಜಿನ ಪಾತ್ರೆಯಿಂದ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಕೊನೆಯ ಸಂಖ್ಯೆಗಳು ಬಂದ ಹುಡುಗರು ನಿಟ್ಟುಸಿರುಬಿಟ್ಟರು. 1968ರಲ್ಲಿ ಸುಮಾರು 16,900ರಷ್ಟಿದ್ದ ಅಮೆರಿಕನ್ ಸಾವುಗಳು 1971ರಲ್ಲಿ 2,400ಕ್ಕೆ ಇಳಿದವು. ವಿಯೆಟ್ನಾಮಿಗಳ ಸಾವು ಹಾಗೆ ಇಳಿಯಲಿಲ್ಲ, ಆದರೆ ಆ ಲೆಕ್ಕ ಗ್ಯಾಲಪ್ ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ.

ಜನ ಅಷ್ಟು ದಡ್ಡರಾಗಿರಲಿಲ್ಲ ಅನ್ನುವುದಕ್ಕೆ 1971ರ ಜನವರಿಯ ಸಮೀಕ್ಷೆ ಸಾಕ್ಷಿ. ವರ್ಷದ ಕೊನೆಯೊಳಗೆ ಎಲ್ಲ ಸೈನಿಕರನ್ನೂ ಕರೆತರಬೇಕೆಂಬ ಪ್ರಸ್ತಾಪಕ್ಕೆ ಶೇ 70ಕ್ಕೂ ಹೆಚ್ಚು ಮಂದಿ ಹೂಂ ಎಂದರು. ಇದಕ್ಕಿಂತ ಸ್ಪಷ್ಟ ಅಪ್ಪಣೆ ಯಾವ ನಾಯಕನಿಗೆ ಸಿಕ್ಕೀತು? ಇದೇ ಆಶಯದ ಮೆಕ್‌ಗವರ್ನ್–ಹ್ಯಾಟ್‌ಫೀಲ್ಡ್ ತಿದ್ದುಪಡಿ ಜೂನಿನಲ್ಲಿ ಸೆನೆಟ್ ಮುಂದೆ ಬಂದಾಗ 55–42ರಿಂದ ಬಿದ್ದುಹೋಯಿತು. ಶ್ವೇತಭವನದೊಳಗಿನ ಲೆಕ್ಕ ಇನ್ನೂ ತಣ್ಣಗಿನದು. ನಿಕ್ಸನ್‌ನ ಆಪ್ತ ಹಾಲ್ಡೆಮನ್ 1970ರ ಡಿಸೆಂಬರಿನ ದಿನಚರಿಯಲ್ಲಿ ಭದ್ರತಾ ಸಲಹೆಗಾರ ಕಿಸಿಂಜರ್‌ನ ವಾದವನ್ನು ಬರೆದಿಟ್ಟಿದ್ದಾನೆ: 1971ರಲ್ಲೇ ಪೂರ್ತಿ ವಾಪಸಾದರೆ, 1972ರ ಚುನಾವಣೆಗೆ ಮುಂಚೆ ಅಲ್ಲಿ ಏನಾದರೂ ಎಡವಟ್ಟಾದೀತು, ಅದರ ಹೊಣೆ ನಮ್ಮ ತಲೆಗೆ ಬಂದೀತು. 1972ರ ಆಗಸ್ಟಿನಲ್ಲಿ ಕಿಸಿಂಜರ್ ಅಧ್ಯಕ್ಷನಿಗೆ ಹೇಳಿದ ಮಾತು ಟೇಪಿನಲ್ಲಿದೆ: ಒಂದೆರಡು ವರ್ಷ ದಕ್ಷಿಣ ವಿಯೆಟ್ನಾಂ ತಡೆದು ನಿಲ್ಲುವಂಥ ಸೂತ್ರವೊಂದು ಸಿಕ್ಕರೆ ಸಾಕು, ಆಮೇಲೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಲೆಕ್ಕಾಚಾರ ನನಗೆ ಯುದ್ಧಕ್ಕಿಂತಲೂ ಹೇಸಿಗೆ ಹುಟ್ಟಿಸುತ್ತದೆ. ಚುನಾವಣೆಯ ಮಟ್ಟಿಗೆ ಅದು ಸರಿಯಾಗಿತ್ತು ಎಂಬುದನ್ನೂ ಒಪ್ಪಲೇಬೇಕು. ತಕ್ಷಣ ಯುದ್ಧ ನಿಲ್ಲಿಸುತ್ತೇನೆ ಎಂದ ಜಾರ್ಜ್ ಮೆಕ್‌ಗವರ್ನ್ 1972ರ ನವೆಂಬರಿನಲ್ಲಿ 49 ರಾಜ್ಯಗಳಲ್ಲಿ ಸೋತ. ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ ಅವನ ಕೈಹಿಡಿದವು. ಅವನ ಸೋಲಿಗೆ ಬೇರೆ ಕಾರಣಗಳೂ ಇದ್ದವು ನಿಜ. ಯುದ್ಧ ತಪ್ಪೆಂದವರಲ್ಲಿ ಎಷ್ಟೋ ಮಂದಿ ಅದನ್ನು ನಾಲ್ಕು ವರ್ಷ ಎಳೆದವನಿಗೇ ಮತ ಹಾಕಿದ್ದೂ ಅಷ್ಟೇ ನಿಜ. 1973ರ ಜನವರಿ 27ರಂದು ಪ್ಯಾರಿಸಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ಸತ್ತ 58,000 ಅಮೆರಿಕನ್ ಸೈನಿಕರಲ್ಲಿ 20,000ಕ್ಕೂ ಹೆಚ್ಚು ಮಂದಿ ನಿಕ್ಸನ್ ಅಧಿಕಾರಕ್ಕೆ ಬಂದ ಮೇಲೆ ಸತ್ತವರು.

ಹಾಗಾದರೆ ನಿಲ್ಲಿಸಿ ದಕ್ಕಿಸಿಕೊಂಡವರೇ ಇಲ್ಲವೇ? ಇದ್ದಾರೆ. ಕೊರಿಯಾ ಯುದ್ಧ ಅಧ್ಯಕ್ಷ ಹ್ಯಾರಿ ಟ್ರೂಮನ್‌ನ ಜನಪ್ರಿಯತೆಯನ್ನು 1952ರ ಫೆಬ್ರುವರಿಯಲ್ಲಿ ಶೇ 22ಕ್ಕೆ ಇಳಿಸಿತ್ತು. ಆ ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನಲ್ಲಿ ಡ್ವೈಟ್ ಐಸೆನ್‌ಹೋವರ್ ತಾನು ಗೆದ್ದರೆ ಕೊರಿಯಾಕ್ಕೆ ಹೋಗುತ್ತೇನೆ ಎಂದ. ಹೋಗಿ ಏನು ಮಾಡುತ್ತೇನೆ ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಎರಡನೇ ಮಹಾಯುದ್ಧ ಗೆಲ್ಲಿಸಿದ ಜನರಲ್ ಹೇಳಿದ ಮೇಲೆ ಕೇಳುವುದೇನು? 1953ರ ಜುಲೈ 27ರಂದು ಕದನ ವಿರಾಮವಾದಾಗ ಗಡಿರೇಖೆ ಹೆಚ್ಚುಕಡಿಮೆ ಎರಡು ವರ್ಷದ ಹಿಂದೆ ಇದ್ದಲ್ಲೇ ಇತ್ತು. ಇದೇ ಒಪ್ಪಂದಕ್ಕೆ ಟ್ರೂಮನ್ ಸಹಿ ಹಾಕಿದ್ದರೆ ದೇಶದ್ರೋಹಿ ಅನ್ನಿಸಿಕೊಳ್ಳುತ್ತಿದ್ದ.

ಕೊರಿಯಾ ಕದನ ವಿರಾಮದ ಮಾತುಕತೆ ವರ್ಷಕ್ಕೂ ಮೀರಿ ಜಗ್ಗಿದ್ದು ಯುದ್ಧಕೈದಿಗಳ ವಿಷಯದಲ್ಲಿ. ತಮ್ಮ ದೇಶಕ್ಕೆ ಮರಳಲು ಒಲ್ಲೆನೆಂದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನು ಬಲವಂತವಾಗಿ ಕಳಿಸಬೇಕೇ? ಈ ಗಂಟು ಬಿಡಿಸಲು ಭಾರತ ವಿಶ್ವಸಂಸ್ಥೆಯಲ್ಲಿ ನಿರ್ಣಯ ತಂದಿತು, ಕೊನೆಗೆ ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದಿದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನಿಸ್ಸೇನಾ ವಲಯದಲ್ಲಿ ಇಳಿಸಬೇಕಾಯಿತು. 22,000ಕ್ಕೂ ಹೆಚ್ಚು ಕೈದಿಗಳು, ಒಳಗೊಳಗೇ ಬಡಿದಾಡುವ ಬಣಗಳು, ಎರಡೂ ಕಡೆಯಿಂದ ಪಕ್ಷಪಾತದ ಆರೋಪ. ಇದೆಲ್ಲದರ ನಡುವೆ ತಿಮ್ಮಯ್ಯನವರು ಕೆಲಸ ಮುಗಿಸಿದರು. ಎತ್ತಲೂ ಹೋಗಲು ಒಪ್ಪದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಭಾರತೀಯ ಪಡೆಯ ಜೊತೆ ಹಡಗೇರಿ ನಮ್ಮ ದೇಶಕ್ಕೇ ಬಂದರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ.

ಯುದ್ಧ ನಿಲ್ಲಿಸಿ ದಕ್ಕಿಸಿಕೊಂಡ ಇನ್ನೊಬ್ಬನೂ ಜನರಲ್ಲೇ: ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಆಲ್ಜೀರಿಯಾವನ್ನು ಫ್ರಾನ್ಸಿನಲ್ಲೇ ಉಳಿಸಿಕೊಡುತ್ತಾನೆ ಎಂದು ನಂಬಿದವರೇ 1958ರಲ್ಲಿ ಅವನನ್ನು ಅಧಿಕಾರಕ್ಕೆ ತಂದರು. ಅವನು ಮರುವರ್ಷವೇ ಸ್ವಯಂನಿರ್ಣಯದ ಮಾತೆತ್ತಿದ. ಸಮೀಕ್ಷೆಗಳ ಹಿಂದೆ ಅಡಗಿ ಕೂರದೆ ಜನರನ್ನು ನೇರವಾಗಿ ಕೇಳಿದ. 1961ರ ಜನವರಿ 8ರ ಜನಮತಗಣನೆಯಲ್ಲಿ ಶೇ 75 ಮಂದಿ ಹೌದೆಂದರು. ಏಪ್ರಿಲಿನಲ್ಲಿ ನಾಲ್ವರು ಜನರಲ್‌ಗಳು ಆಲ್ಜಿಯರ್ಸ್‌ನಲ್ಲಿ ದಂಗೆ ಎದ್ದಾಗ ಅವನು ಸಮವಸ್ತ್ರ ತೊಟ್ಟು ಟಿ.ವಿ.ಗೆ ಬಂದ. ಬ್ಯಾರಕ್ಕುಗಳಲ್ಲಿ ಟ್ರಾನ್ಸಿಸ್ಟರಿಗೆ ಕಿವಿಗೊಟ್ಟ ಸಾಮಾನ್ಯ ಸೈನಿಕರು ತಮ್ಮ ಅಧಿಕಾರಿಗಳ ಮಾತು ಮೀರಿದರು. ದಂಗೆ ನಾಲ್ಕೇ ದಿನದಲ್ಲಿ ಮುಗಿಯಿತು. 1962ರ ಏಪ್ರಿಲ್ 8ರಂದು ಯುದ್ಧ ಮುಗಿಸುವ ಎವಿಯಾನ್ ಒಪ್ಪಂದಕ್ಕೆ ಶೇ 90ರಷ್ಟು ಮತ. ಅದೇ ಆಗಸ್ಟಿನಲ್ಲಿ ಪ್ಯಾರಿಸಿನ ಹೊರವಲಯದ ಪೆಟಿ ಕ್ಲಾಮಾರ್‌ನಲ್ಲಿ ಅವನ ಕಾರಿನ ಮೇಲೆ ಗುಂಡಿನ ಮಳೆಗರೆದವರು, ಫ್ರೆಂಚ್ ಆಲ್ಜೀರಿಯಾದ ಕನಸು ಬಿಡದವರು.

ಡಿ ಗಾಲ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಏಪ್ರಿಲ್ 8ರ ಮತದಾನದಲ್ಲಿ ಆಲ್ಜೀರಿಯಾದಲ್ಲಿದ್ದ ಐರೋಪ್ಯರಿಗೆ ಮತವೇ ಇರಲಿಲ್ಲ. ಸುಮಾರು ಹತ್ತು ಲಕ್ಷ ಮಂದಿ ಸೂಟ್‌ಕೇಸ್ ಹಿಡಿದು ಹಡಗೇರಿದರು. ಫ್ರೆಂಚ್ ಸೇನೆಗೆ ದುಡಿದ ಆಲ್ಜೀರಿಯನ್ ಮುಸ್ಲಿಮರನ್ನು, ‘ಹರ್ಕಿ’ಗಳನ್ನು, ಹೆಚ್ಚಿನಂಶ ಅಲ್ಲೇ ಬಿಟ್ಟುಬಂದರು. ಸಾವಿರಾರು ಮಂದಿ ಕೊಲೆಯಾದರು. ಅವರ ಕ್ಷಮೆ ಕೇಳಲು ಫ್ರಾನ್ಸಿನ ಅಧ್ಯಕ್ಷನೊಬ್ಬನಿಗೆ, ಮ್ಯಾಕ್ರಾನ್‌ಗೆ, 2021ರ ಸೆಪ್ಟೆಂಬರ್ ಬರಬೇಕಾಯಿತು.

ಅದಕ್ಕೆ ಕೆಲವೇ ವಾರ ಮೊದಲು ಕಾಬೂಲ್ ವಿಮಾನ ನಿಲ್ದಾಣದ ದೃಶ್ಯಗಳನ್ನು ನಾವೆಲ್ಲ ನೋಡಿದ್ದೆವು. ತಾಲಿಬಾನ್ ಜೊತೆ ದೋಹಾದಲ್ಲಿ ಒಪ್ಪಂದ ಮಾಡಿಕೊಂಡದ್ದು 2020ರಲ್ಲಿ ಟ್ರಂಪ್ ಸರ್ಕಾರ. ಆಫ್ಘಾನಿಸ್ತಾನದಿಂದ ಸೇನೆಯನ್ನು ಹೊರಗೆ ತಂದದ್ದು ಟ್ರಂಪ್ ನಂತರ ಬಂದ ಅಧ್ಯಕ್ಷ ಬೈಡನ್. ಈ ಹೊಣೆಯನ್ನು ಐದನೆಯ ಅಧ್ಯಕ್ಷನಿಗೆ ದಾಟಿಸುವುದಿಲ್ಲ ಎಂದಿದ್ದ, ದಾಟಿಸಲಿಲ್ಲ. ಆಗಸ್ಟ್ 26ರಂದು ಆ ವಿಮಾನ ನಿಲ್ದಾಣದ ಅಬ್ಬೆ ಗೇಟ್ ಬಳಿ ಬಾಂಬ್ ಸ್ಫೋಟಿಸಿ 13 ಅಮೆರಿಕನ್ ಯೋಧರೂ ಸುಮಾರು 170 ಆಫ್ಘನ್ನರೂ ಸತ್ತರು. ಆ ತಿಂಗಳ ಕೊನೆಯಲ್ಲಿ ಪ್ಯೂ ಸಮೀಕ್ಷಾ ಸಂಸ್ಥೆ ಕೇಳಿದಾಗ ಸೇನೆ ಹಿಂತೆಗೆದದ್ದು ಸರಿ ಎಂದವರು ಶೇ 54. ಸರ್ಕಾರ ಅದನ್ನು ಚೆನ್ನಾಗಿ ನಿಭಾಯಿಸಿತು ಎಂದವರು ಶೇ 26. ಇಪ್ಪತ್ತು ವರ್ಷದ ಯುದ್ಧದ ಗುರಿ ಬಹುಮಟ್ಟಿಗೆ ಈಡೇರಲಿಲ್ಲ ಎಂದವರು ಶೇ 69. ಈ ಮೂರು ಉತ್ತರಗಳಲ್ಲಿ ಬೈಡನ್‌ನ ಲೆಕ್ಕಕ್ಕೆ ಬಿದ್ದದ್ದು ನಡುವಿನದು ಮಾತ್ರ. ಅವನ ಜನಪ್ರಿಯತೆ ಶೇ 50ರ ಕೆಳಗಿಳಿದದ್ದು ಮತ್ತೆ ಏಳಲಿಲ್ಲ. 2024ರ ಆಗಸ್ಟ್ 26ರಂದು ಆರ್ಲಿಂಗ್ಟನ್ ಸೇನಾ ಸ್ಮಶಾನದಲ್ಲಿ ಅಬ್ಬೆ ಗೇಟ್ ಮೃತರಿಗೆ ಹಾರವಿಡಲು ಹೋದವನು ಟ್ರಂಪ್. ಅದರ ದೃಶ್ಯಗಳು ಅವನ ಚುನಾವಣಾ ಪ್ರಚಾರದಲ್ಲೂ ಓಡಾಡಿದವು.